ಮಕ್ಕಳ ರಕ್ತಕ್ಯಾನ್ಸರ್ ಮತ್ತು ರಕ್ತರೋಗಗಳ ಸಂಶೋಧನೆ: ಉಮರ್ಗಾ, ನಿಲಂಗಾ, ಉದಗೀರ ಗಡಿಸೀಮೆಯ ಇತಿಹಾಸ

ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣಗಳು ಬಲಿಯದೆ ಎಳೆಯವಾಗಿಯೇ ಉಳಿದು, ಹದ್ದುಮೀರಿ ಹೆಚ್ಚುತ್ತ ಹೋಗುವ ರೋಗ ಲ್ಯುಕೇಮಿಯಾ. ಜನರ ಬಾಯಲ್ಲಿ ಇದು ಬ್ಲಡ್ ಕ್ಯಾನ್ಸರ್. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ. ಅದರಲ್ಲೂ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ (ಎಎಲ್ಎಲ್) ಪಾಲೇ ದೊಡ್ಡದು. ಮಜ್ಜೆಯೆಲ್ಲ ಈ ಎಳೆಯ ಕಣಗಳಿಂದ ತುಂಬಿಹೋದಾಗ ಕೆಂಪು ಕಣಕ್ಕೂ ಪ್ಲೇಟ್‌ಲೆಟ್‌ಗೂ ಜಾಗ ಉಳಿಯುವುದಿಲ್ಲ. ಮಗು ಬಿಳಿಚಿಕೊಳ್ಳುತ್ತದೆ, ಜ್ವರ ಬಿಟ್ಟುಬಿಟ್ಟು ಬರುತ್ತದೆ, ವಸಡಿನಿಂದ ರಕ್ತ ಒಸರುತ್ತದೆ, ಕಾಲು ನೋವೆಂದು ನಡೆಯಲು ಒಲ್ಲೆ ಅನ್ನುತ್ತದೆ.

ಮಹಾರಾಷ್ಟ್ರದ ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಜಿಲ್ಲೆಯ ಉಮರ್ಗಾ, ಲಾತೂರ್ ಜಿಲ್ಲೆಯ ನಿಲಂಗಾ ಮತ್ತು ಉದಗೀರ ಕರ್ನಾಟಕದ ಬೀದರ, ಕಲಬುರಗಿ ಜಿಲ್ಲೆಗಳ ಅಂಚಿನ ತಾಲೂಕುಗಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ ಆಡುವ ಕುಟುಂಬಗಳು ಇಲ್ಲಿ ಬಹಳ. ಈ ಸೀಮೆಯ ಮಕ್ಕಳ ರೋಗದ ಮೇಲೆ ಸಂಶೋಧನೆ ನಡೆದದ್ದು ಮುಂಬೈ, ಬಾರ್ಶಿ, ಹೈದರಾಬಾದ್, ಚೆನ್ನೈ, ಬೆಂಗಳೂರುಗಳಲ್ಲಿ. ಹೀಗಾಗಿ ಇಲ್ಲಿಯ ಇತಿಹಾಸವನ್ನು ಬರೆಯುವವರು ದಾರಿಯ ಇತಿಹಾಸವನ್ನೂ ಬರೆಯಬೇಕಾಗುತ್ತದೆ. ಮದ್ದು ಹುಟ್ಟಿ ಮುಕ್ಕಾಲು ಶತಮಾನ ಆಗಿದೆ. ಆ ಮದ್ದಿನ ತನಕ ಮಗುವನ್ನು ಮುಟ್ಟಿಸುವುದು ಹೇಗೆ, ಚಿಕಿತ್ಸೆ ಮುಗಿಯುವ ತನಕ ಅಲ್ಲಿ ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗಳನ್ನು ಸಂಶೋಧಕರು ಕೈಗೆತ್ತಿಕೊಂಡದ್ದು ತೀರ ಈಚೆಗೆ.

ಗಡಿಸೀಮೆಯ ಹಿನ್ನೆಲೆ

ನಿಲಂಗಾ ಮತ್ತು ಉದಗೀರ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ಸಂಸ್ಥಾನದ, ಅನಂತರ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಆಮೇಲೆ ಉಸ್ಮಾನಾಬಾದ್ ಜಿಲ್ಲೆಗೆ ಹೋಗಿ, 1982ರಲ್ಲಿ ಲಾತೂರ್ ಹೊಸ ಜಿಲ್ಲೆಯಾದಾಗ ಅದಕ್ಕೆ ಸೇರಿದವು. ಕಾಯಿಲೆ ದೊಡ್ಡದೆಂದು ಕಂಡರೆ ಹಳೆಯ ತಲೆಮಾರಿನವರು ಹೊರಡುತ್ತಿದ್ದದ್ದು ಹೈದರಾಬಾದಿಗೆ. ಉದಗೀರಕ್ಕೆ ಬೀದರದ ಮೇಲಿಂದ ವಿಕಾರಾಬಾದಿಗೆ ಹೋಗುವ ರೈಲುದಾರಿ ಇತ್ತು. ಉಮರ್ಗಾ ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲೆಯೇ ಇದೆ. ಹೈದರಾಬಾದಿನಲ್ಲಿ ಮಕ್ಕಳಿಗಾಗಿ ನಿಲೋಫರ್ ಆಸ್ಪತ್ರೆ 1953ರಲ್ಲಿ, ಮೆಹದಿ ನವಾಜ್ ಜಂಗ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆ 1955ರಲ್ಲಿ ಬಂದವು. ರಾಜ್ಯದ ಗಡಿ ಬದಲಾದ ಮೇಲೆ ಸರಕಾರಿ ಕಾಗದಪತ್ರಗಳು ಮುಂಬೈ ಕಡೆ ತಿರುಗಿದವು, ಜನರ ಕಾಲುದಾರಿ ಮಾತ್ರ ಬಹುಕಾಲ ಹೈದರಾಬಾದಿನತ್ತಲೇ ಇತ್ತು.

ರೋಗ ಗುರುತಿಸುವುದು ಇಲ್ಲಿ ಕಷ್ಟವಾಗಲು ಇನ್ನೊಂದು ಕಾರಣವಿದೆ. "ಮೈಯಾಗ ರಗತ ಇಲ್ಲ", "ಖೂನ್ ಕಮ್ಮಿ ಆಗ್ಯಾದ" ಎನ್ನುವುದು ಈ ಭಾಗದ ದಿನನಿತ್ಯದ ಮಾತು, ಆ ಮಾತಿನಲ್ಲಿ ಸತ್ಯವೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇದ್ದವರು ಮಹಾರಾಷ್ಟ್ರದಲ್ಲಿ ಶೇ 68.9, ಕರ್ನಾಟಕದಲ್ಲಿ ಶೇ 65.5. ಮೂರರಲ್ಲಿ ಎರಡು ಮಕ್ಕಳು ಬಿಳಿಚಿಕೊಂಡಿರುವ ಊರಿನಲ್ಲಿ ಇನ್ನೊಂದು ಬಿಳಿಚಿದ ಮುಖ ಯಾರ ಕಣ್ಣಿಗೂ ಬೀಳುವುದಿಲ್ಲ. ಕಬ್ಬಿಣದ ಟಾನಿಕ್ ಕೊಡುತ್ತಾರೆ, ಜ್ವರ ಬಂದರೆ ಸಲಾಯಿನ್ ಹಚ್ಚುತ್ತಾರೆ. ನೋವು, ಜ್ವರ ಎರಡೂ ಇಳಿಯಲೆಂದು ಸ್ಟಿರಾಯ್ಡ್ ಸೂಜಿ ಚುಚ್ಚಿದರೆ ಅಪಾಯ ಇಮ್ಮಡಿ. ಸ್ಟಿರಾಯ್ಡು ಲ್ಯುಕೇಮಿಯಾಕ್ಕೂ ಮದ್ದೇ ಆದ್ದರಿಂದ ಮಗು ಕೆಲವು ವಾರ ಗೆಲುವಾಗಿ ಓಡಾಡುತ್ತದೆ. ರೋಗ ಮರೆಗೆ ಸರಿಯುತ್ತದೆ, ಆ ಹೊತ್ತಿನಲ್ಲಿ ಮಜ್ಜೆ ಪರೀಕ್ಷೆ ಮಾಡಿದರೆ ಅದರ ಚಿತ್ರ ಸ್ಪಷ್ಟವಾಗಿ ಸಿಗುವುದಿಲ್ಲ.

ಇದನ್ನು ಬಿಡಿಸಿ ನೋಡುವ ಮೊದಲ ಸಾಧನ ಬಹಳ ಅಗ್ಗದ್ದು. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ತುದಿಗಿಟ್ಟು, ಇನ್ನೊಂದು ಪಟ್ಟಿಯ ಅಂಚಿನಿಂದ ತೆಳ್ಳಗೆ ಎಳೆದು, ಒಣಗಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಬ್ರಿಟಿಷ್ ಸೈನ್ಯದ ವೈದ್ಯ ವಿಲಿಯಂ ಲೀಶ್ಮನ್ 1901ರಲ್ಲಿ ರೂಪಿಸಿದ ಬಣ್ಣವನ್ನೇ ನಮ್ಮ ಪ್ರಯೋಗಾಲಯಗಳು ಇಂದಿಗೂ ಬಳಸುತ್ತವೆ. ಕೆಂಪು ಕಣಗಳು ಗುಲಾಬಿಯಾಗಿ, ಬಿಳಿಕಣದ ನಡುವಿನ ಬೀಜ ನೇರಳೆಯಾಗಿ ಕಾಣುತ್ತದೆ. ಬಲಿತ ಲಿಂಫೋಸೈಟಿನ ಬೀಜ ಒತ್ತೊತ್ತಾಗಿ ಕಪ್ಪಗಿರುತ್ತದೆ. ಲ್ಯುಕೇಮಿಯಾದ ಎಳೆಯ ಕಣ ಅದಕ್ಕಿಂತ ದೊಡ್ಡದು, ಬೀಜ ಸಡಿಲವಾಗಿ ಹರಡಿಕೊಂಡು ಕಣದ ಒಳಗನ್ನೆಲ್ಲ ತುಂಬಿರುತ್ತದೆ, ಸುತ್ತ ನೀಲಿಯ ಒಂದು ತೆಳು ಅಂಚು ಮಾತ್ರ ಉಳಿದಿರುತ್ತದೆ. ಯಂತ್ರ ಕೊಡುವ ರಕ್ತದ ಎಣಿಕೆಯಲ್ಲಿ ಈ ಕಣ ಸಾಧಾರಣ ಬಿಳಿಕಣವೆಂದು ಲೆಕ್ಕಕ್ಕೆ ಸೇರಿಹೋಗಬಹುದು. ಗಾಜುಪಟ್ಟಿ ನೋಡಿ ಪಳಗಿದ ಒಂದು ಜೊತೆ ಕಣ್ಣು ತಾಲೂಕಿನಲ್ಲಿ ಇದೆಯೋ ಇಲ್ಲವೋ ಎಂಬುದು ಒಂದು ಮಗುವಿಗೆ ಎರಡು ತಿಂಗಳ ವ್ಯತ್ಯಾಸ ತರಬಲ್ಲದು.

ಮುಂಬೈಯಿಂದ ಬಾಸ್ಟನ್‌ಗೆ: ಮದ್ದಿನ ಹುಟ್ಟು

1845ರಲ್ಲಿ ಸ್ಕಾಟ್ಲೆಂಡಿನ ಜಾನ್ ಹ್ಯೂಸ್ ಬೆನೆಟ್, ಜರ್ಮನಿಯ ರುಡಾಲ್ಫ್ ವಿರ್ಶೋ ಇಬ್ಬರೂ ಬೇರೆಬೇರೆಯಾಗಿ ಈ ರೋಗವನ್ನು ವರ್ಣಿಸಿದರು. ಬಿಳಿಯ ರಕ್ತ ಎಂಬ ಅರ್ಥದ ಗ್ರೀಕ್ ಮಾತುಗಳಿಂದ ಲ್ಯುಕೇಮಿಯಾ ಎಂಬ ಹೆಸರು ಕಟ್ಟಿದವರು ವಿರ್ಶೋ. ಅಲ್ಲಿಂದ ನೂರು ವರ್ಷ ವೈದ್ಯರ ಕೈಯಲ್ಲಿ ಹೆಸರಿತ್ತು, ಮದ್ದು ಇರಲಿಲ್ಲ.

ಮದ್ದಿನ ಕಥೆಯ ಒಂದು ಎಳೆ ನಮ್ಮ ಕಡೆಯದೇ. 1928ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್, ಮುಂಬೈಯ ಬಡ ಬಸುರಿ ಹೆಂಗಸರಲ್ಲಿ ಕಾಣುತ್ತಿದ್ದ ಒಂದು ಘೋರ ರಕ್ತಹೀನತೆಯ ಬೆನ್ನು ಹತ್ತಿದರು. ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ತಿನಿಸು ಕೊಟ್ಟರೆ ಆ ರಕ್ತಹೀನತೆ ವಾಸಿಯಾಗುತ್ತದೆಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಅಂಶವೇ ಫೋಲಿಕ್ ಆಮ್ಲ. ಭೀಮವರದಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯ ಓದಿ, ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಲೆಡರ್ಲೆ ಕಂಪನಿಯ ಪ್ರಯೋಗಾಲಯದಲ್ಲಿ ಈ ಆಮ್ಲವನ್ನು ತಯಾರಿಸಿತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಅದನ್ನು ಲ್ಯುಕೇಮಿಯಾ ಮಕ್ಕಳಿಗೆ ಕೊಟ್ಟು ನೋಡಿದಾಗ ರೋಗ ಇನ್ನೂ ಜೋರಾಯಿತು. ಫೋಲಿಕ್ ಆಮ್ಲ ರೋಗಕ್ಕೆ ಉಣಿಸಾದರೆ ಅದನ್ನು ತಡೆಯುವ ವಸ್ತು ರೋಗವನ್ನು ಉಪವಾಸ ಕೆಡವಬೇಕಲ್ಲ? ಸುಬ್ಬರಾವ್ ತಂಡ ಫೋಲಿಕ್ ಆಮ್ಲವನ್ನೇ ಹೋಲುವ, ಅದರ ಕೆಲಸ ತಡೆಯುವ ಅಮಿನೋಪ್ಟೆರಿನ್ ಮಾಡಿಕೊಟ್ಟಿತು. 1948ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳಲ್ಲಿ 10 ಮಕ್ಕಳ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತ್ತು. ಅದೇ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು. ಅಮಿನೋಪ್ಟೆರಿನ್‌ನ ಒಡಹುಟ್ಟಾದ ಮೆಥೊಟ್ರೆಕ್ಸೇಟ್ ಮಾತ್ರೆ ಇಂದಿಗೂ ಎಎಲ್ಎಲ್ ಮಕ್ಕಳ ಚೀಟಿಯಲ್ಲಿ ವಾರಕ್ಕೊಮ್ಮೆ ಇರುತ್ತದೆ.

ಮುಂಬೈಯ ಬಡ ಬಸುರಿಯರ ರಕ್ತಹೀನತೆ ಶೋಧಿಸುತ್ತ ಹೊರಟ ಹಾದಿ ಮಕ್ಕಳ ಲ್ಯುಕೇಮಿಯಾದ ಮೊದಲ ಮದ್ದಿಗೆ ಹೋಗಿ ಮುಟ್ಟಿತು. ರಕ್ತಹೀನತೆಯೇ ಲ್ಯುಕೇಮಿಯಾವನ್ನು ಮರೆಮಾಚುವ ಈ ಗಡಿನಾಡಿನಲ್ಲಿ ನಿಂತು ನೋಡುವವರಿಗೆ ಈ ಸಂಗತಿ ಮನಸ್ಸಿನಿಂದ ಹೋಗುವುದಿಲ್ಲ.

ಮುಂದಿನ ಮದ್ದುಗಳು ಬೇಗಬೇಗ ಬಂದವು. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ರೂಪಿಸಿದ 6-ಮರ್ಕ್ಯಾಪ್ಟೊಪ್ಯುರಿನ್ 1953ರಲ್ಲಿ ಬಳಕೆಗೆ ಬಂತು. ವಿನ್‌ಕ್ರಿಸ್ಟಿನ್ 1963ರಲ್ಲಿ ಬಂತು. ಇದನ್ನು ತೆಗೆಯುವ ಗಿಡ ನಿತ್ಯಪುಷ್ಪ, ಮರಾಠಿಯ ಸದಾಫುಲಿ. ಉಮರ್ಗಾದ ಅಂಗಳಗಳಲ್ಲೂ ಗುಡಿಯ ಕಟ್ಟೆಯ ಬದಿಯಲ್ಲೂ ನೀರಿಲ್ಲದೆ ಬೆಳೆದು ಐದೆಸಳಿನ ಹೂ ಬಿಡುವ ಅದೇ ಗಿಡ. ಎಲೆಯಲ್ಲಿ ಔಷಧಿಯ ಅಂಶ ಲವಲೇಶ ಮಾತ್ರ, ಗಿಡ ಹಾಗೆಯೇ ತಿಂದರೆ ವಿಷ. 1962ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ತೆರೆದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಈ ಮದ್ದುಗಳನ್ನೆಲ್ಲ ಒಟ್ಟಿಗೆ ಕೊಟ್ಟು, ಮಿದುಳಿನ ಸುತ್ತಲ ದ್ರವದಲ್ಲಿ ಅಡಗುವ ರೋಗಕಣಗಳಿಗೂ ಬೇರೆ ಚಿಕಿತ್ಸೆ ಮಾಡಿದರು. 1960ರ ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಅರ್ಧದಷ್ಟು ಮಕ್ಕಳು ಬದುಕುಳಿಯತೊಡಗಿದ್ದರು.

ಟಾಟಾ ಆಸ್ಪತ್ರೆ ಮತ್ತು ಎಂಸಿಪಿ-841

ಗಡಿಸೀಮೆಯ ಜನ "ಟಾಟಾ" ಎಂದಷ್ಟೇ ಕರೆಯುವ ಮುಂಬೈ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಮೂಲದಲ್ಲೂ ಲ್ಯುಕೇಮಿಯಾ ಇದೆ. ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ಇದೇ ರೋಗದಿಂದ ತೀರಿಕೊಂಡರು. ಅವರ ಬಾಲ್ಯ ಕಳೆದದ್ದು ಬೆಂಗಳೂರು, ಮೈಸೂರುಗಳಲ್ಲಿ. ತಂದೆ ಎಚ್.ಜೆ. ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದರು. ಲ್ಯುಕೇಮಿಯಾ ಸಂಶೋಧನೆಗೆಂದೇ ದೊರಾಬ್ಜಿ 1932ರಲ್ಲಿ ಲೇಡಿ ಟಾಟಾ ಮೆಮೋರಿಯಲ್ ಟ್ರಸ್ಟ್ ಕಟ್ಟಿ, ಅದೇ ವರ್ಷ ತಾವೂ ಕಣ್ಣುಮುಚ್ಚಿದರು. ಅವರ ಆಸ್ತಿಯಿಂದಾದ ಇನ್ನೊಂದು ಟ್ರಸ್ಟು 1941ರ ಫೆಬ್ರವರಿ 28ರಂದು ಆಸ್ಪತ್ರೆ ತೆರೆಯಿತು. ಮೆಹರ್‌ಬಾಯಿ ತೊಡುತ್ತಿದ್ದ 245 ಕ್ಯಾರಟ್ಟಿನ ಜುಬಿಲಿ ವಜ್ರ ಮಾರಿ ಬಂದ ಹಣವೂ ಆ ಟ್ರಸ್ಟಿಗೇ ಹೋಯಿತು.

ಇಲ್ಲಿ 1983ರ ಮಾರ್ಚ್‌ನಲ್ಲಿ ಡಾ. ಸುರೇಶ್ ಅಡ್ವಾಣಿ ಭಾರತದ ಮೊದಲ ಅಸ್ಥಿಮಜ್ಜೆ ಕಸಿ ಮಾಡಿದರು. ರೋಗಿ ಲ್ಯುಕೇಮಿಯಾ ಇದ್ದ ಒಂಬತ್ತು ವರ್ಷದ ಹುಡುಗಿ, ಮಜ್ಜೆ ಕೊಟ್ಟವನು ಅವಳ ಅಣ್ಣ. ಎಂಟನೆಯ ವಯಸ್ಸಿನಲ್ಲೇ ಪೋಲಿಯೊ ತಗುಲಿ, ಗಾಲಿಕುರ್ಚಿಯಲ್ಲೇ ಕುಳಿತು ದೇಶದ ಕ್ಯಾನ್ಸರ್ ವೈದ್ಯವನ್ನು ಮುನ್ನಡೆಸಿದ ಅಡ್ವಾಣಿಯವರಿಗೆ 2012ರಲ್ಲಿ ಪದ್ಮಭೂಷಣ ಸಂದಿತು. ಆದರೂ ಗಡಿಸೀಮೆಯ ಮಕ್ಕಳ ಮಟ್ಟಿಗೆ ಅವರ ಹೆಚ್ಚು ಮುಖ್ಯವಾದ ಕೆಲಸ ಮಜ್ಜೆ ಕಸಿ ಅಲ್ಲ, ಎಂಸಿಪಿ-841 ಎಂಬ ಚಿಕಿತ್ಸಾಕ್ರಮ.

1980ರ ದಶಕದ ಆರಂಭದಲ್ಲಿ ಭಾರತದಲ್ಲಿ ಎಎಲ್ಎಲ್ ಮಕ್ಕಳ ಪೈಕಿ ಉಳಿಯುತ್ತಿದ್ದವರು ಶೇ 20ರಷ್ಟೇ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಯಾನ್ ಮಗ್ರಾತ್ ಮುಂಬೈಯ ಟಾಟಾ, ಡಾ. ವಿ. ಶಾಂತಾ ಮುನ್ನಡೆಸುತ್ತಿದ್ದ ಚೆನ್ನೈ ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ದೆಹಲಿಯ ಏಮ್ಸ್ ಜೊತೆ ಕೂಡಿ 1984ರಿಂದ ಒಂದೇ ಕ್ರಮವನ್ನು ಮೂರು ಕಡೆ ಜಾರಿಗೆ ತಂದರು. ಇದರಲ್ಲಿದ್ದ ಬುದ್ಧಿವಂತಿಕೆ ಮದ್ದಿನ ಆಯ್ಕೆಗಿಂತ ಲೆಕ್ಕಾಚಾರದಲ್ಲಿತ್ತು. ವಿನ್‌ಕ್ರಿಸ್ಟಿನ್, ಪ್ರೆಡ್ನಿಸೊಲೋನ್, ಆಸ್ಪರಾಜಿನೇಸ್, ಡೌನೊರುಬಿಸಿನ್, ಬೆನ್ನುಹುರಿಯ ದ್ರವಕ್ಕೆ ಮೆಥೊಟ್ರೆಕ್ಸೇಟ್, ತಲೆಗೆ ವಿಕಿರಣ, ಆಮೇಲೆ ದೀರ್ಘಕಾಲ ಮಾತ್ರೆ. ಒಟ್ಟು ಸುಮಾರು ಎರಡು ವರ್ಷ. ಹೆಚ್ಚಿನ ಭಾಗವನ್ನು ಆಸ್ಪತ್ರೆಗೆ ಬಂದುಹೋಗಿಯೇ ತೆಗೆದುಕೊಳ್ಳಬಹುದು. ರಕ್ತನಿಧಿ, ಸೋಂಕು ತಡೆಯುವ ವ್ಯವಸ್ಥೆ ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಬಿರುಸು. ನಾಲ್ಕು ವರ್ಷದ ಕೊನೆಗೆ ರೋಗ ಮರುಕಳಿಸದೆ ಉಳಿದವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಶೇ 40ರಿಂದ 60ರ ನಡುವೆ ಇದ್ದರು. ಒಂದು ತಲೆಮಾರಿನೊಳಗೆ ಬದುಕುವ ಮಕ್ಕಳ ಸಂಖ್ಯೆ ಇಮ್ಮಡಿ, ಮುಮ್ಮಡಿ ಆಯಿತು.

ಕರ್ನಾಟಕದ ಕಡೆಯ ಕೇಂದ್ರ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. 1973ರಲ್ಲಿ ಆರಂಭವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಕಲಬುರಗಿಯಲ್ಲಿ ಅದರ ಶಾಖೆಯಿದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1982ರಲ್ಲಿ ಎಣಿಕೆ ಆರಂಭಿಸಿದ ಮೊದಲ ನಗರಗಳಲ್ಲಿ ಬೆಂಗಳೂರೂ ಒಂದು. ಅದರ ಆಧಾರದ ಮೇಲೆ ಕಿದ್ವಾಯಿಯ ಸಂಶೋಧಕರು 1990ರ ದಶಕದಲ್ಲಿ ಮಕ್ಕಳ ಕ್ಯಾನ್ಸರಿನ ಚಿತ್ರಣ ಪ್ರಕಟಿಸಿದರು.

ಬಾರ್ಶಿಯ ಎಣಿಕೆ

ನಗರದ ಎಣಿಕೆಯಲ್ಲಿ ಹಳ್ಳಿ ಕಾಣುವುದಿಲ್ಲ. ಆ ಕೊರತೆ ತುಂಬಿದ್ದು ಉಮರ್ಗಾದಿಂದ ಸುಮಾರು ನೂರು ಕಿಲೋಮೀಟರ್ ದೂರದ ಬಾರ್ಶಿ. ಸೋಲಾಪುರ ಜಿಲ್ಲೆಯ ಈ ಊರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಡಾ. ಬಿ.ಎಂ. ನೇನೆ ಅವರ ಮುಂದಾಳುತನದಲ್ಲಿ, ಟಾಟಾ ಸಂಸ್ಥೆಯ ನೆರವಿನಿಂದ 1987ರಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಬಾರ್ಶಿ ತಾಲೂಕು, ಉಸ್ಮಾನಾಬಾದ್ ಜಿಲ್ಲೆಯ ಪರಂಡಾ, ಭೂಮ್ ತಾಲೂಕುಗಳ 346 ಹಳ್ಳಿಗಳು ಅದರ ವ್ಯಾಪ್ತಿ.

ಮುಂಬೈಯಲ್ಲಿ ನೋಂದಣಿ ಗುಮಾಸ್ತ ಆಸ್ಪತ್ರೆಯ ದಾಖಲೆ ತಿರುವಿದರೆ ಸಾಕು. ಹಳ್ಳಿಯಲ್ಲಿ ದಾಖಲೆಯೇ ಇರುವುದಿಲ್ಲ. ಎಷ್ಟೋ ಮಂದಿ ದವಾಖಾನೆ ಕಾಣದೆ ತೀರಿಹೋಗಿರುತ್ತಾರೆ. ಹೀಗಾಗಿ ಬಾರ್ಶಿಯ ಕಾರ್ಯಕರ್ತರು ಹಳ್ಳಿಗಳಿಗೇ ತಿರುತಿರುಗಿ ಹೋಗಿ ಊರಿನ ಹಿರಿಯರೊಂದಿಗೆ ಕೂತು, ರೋಗದ ಲಕ್ಷಣ ವಿವರಿಸಿ, ಅಂಥವರಿದ್ದರೆ ಆಸ್ಪತ್ರೆಗೆ ಕರೆತರುವ ಪದ್ಧತಿ ಹಾಕಿಕೊಂಡರು. ಎಣಿಸುವ ಕೆಲಸವೇ ತಿಳಿವಳಿಕೆ ಹಂಚುವ ಕೆಲಸವಾಯಿತು. ಗರ್ಭಕಂಠದ ಕ್ಯಾನ್ಸರ್ ಮೊದಲಿಗಿಂತ ಎಳೆಯ ಹಂತದಲ್ಲೇ ಸಿಗತೊಡಗಿದ್ದನ್ನು ಕಸ್ತೂರಿ ಜಯಂತ್, ನೇನೆ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು.

ಇದೇ ತಳಹದಿಯ ಮೇಲೆ ಉಸ್ಮಾನಾಬಾದ್ ಜಿಲ್ಲೆಯ 497 ಹಳ್ಳಿಗಳ 1,31,746 ಹೆಂಗಸರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದರೂ ಗರ್ಭಕಂಠದ ಕ್ಯಾನ್ಸರಿನ ಸಾವು ಅರ್ಧಕ್ಕೆ ಇಳಿಯುತ್ತದೆ ಎಂಬ ಅದರ ಫಲಿತಾಂಶ ಜಗತ್ತಿನ ನೀತಿಗಳನ್ನೇ ತಿದ್ದಿತು. ಹೋಲಿಕೆಗೆಂದು ಇಟ್ಟ ಗುಂಪಿನ ಹೆಂಗಸರಿಗೆ ತಪಾಸಣೆ ಮಾಡದೆ ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆಯೂ ಎದ್ದಿತು. ಆ ಪ್ರಶ್ನೆ ನ್ಯಾಯವಾದದ್ದು. ಲ್ಯುಕೇಮಿಯಾಕ್ಕೆ ಸಂಬಂಧಿಸದ ಈ ಅಧ್ಯಯನವನ್ನು ಇಲ್ಲಿ ಹೆಸರಿಸಲು ಕಾರಣವಿದೆ: ಈ ಜಿಲ್ಲೆಯ ಹಳ್ಳಿಗಳಲ್ಲಿ ದೊಡ್ಡ ಪ್ರಮಾಣದ ಕ್ಯಾನ್ಸರ್ ಸಂಶೋಧನೆ ಸಾಧ್ಯ ಎಂದು ಅದು ತೋರಿಸಿಕೊಟ್ಟಿತು.

ಗ್ರಾಮೀಣ ನೋಂದಣಿಗಳಲ್ಲಿ ಮಕ್ಕಳ ಲ್ಯುಕೇಮಿಯಾದ ಪ್ರಮಾಣ ನಗರಗಳಿಗಿಂತ ಕಡಿಮೆ ಕಾಣುತ್ತದೆ. ಹಳ್ಳಿಯ ಗಾಳಿ ಚೆನ್ನಾಗಿದೆ ಎಂದು ಇದನ್ನು ಓದಿಕೊಂಡರೆ ತಪ್ಪಾಗುತ್ತದೆ. ನಗರದಲ್ಲಿ ರಕ್ತಪರೀಕ್ಷೆಯಾಗಿ ಲ್ಯುಕೇಮಿಯಾ ಎಂದು ಬರೆಸಿಕೊಳ್ಳುವ ಮಗು ಹಳ್ಳಿಯಲ್ಲಿ ಜ್ವರ, ಕಾಮಾಲೆ, ರಕ್ತ ಇಲ್ಲದ್ದು ಎಂಬ ಕಾರಣಗಳ ಕೆಳಗೆ ಮರೆಯಾಗುತ್ತದೆ ಎಂಬುದೇ ಸಂಶೋಧಕರಲ್ಲಿ ಹೆಚ್ಚಿನವರ ಅಭಿಪ್ರಾಯ.

ಚಿಕಿತ್ಸೆ ಬಿಟ್ಟುಹೋಗುವವರು

ಉಮರ್ಗಾದಿಂದ ಮುಂಬೈಗೆ ಹತ್ತಿರಹತ್ತಿರ ಐನೂರು ಕಿಲೋಮೀಟರ್. ಎರಡು ವರ್ಷದ ಚಿಕಿತ್ಸೆ ಅಂದರೆ ಎರಡು ಬಿತ್ತನೆ, ಎರಡು ರಾಶಿ. ತಾಯಿ ಮಗುವಿನೊಂದಿಗೆ ಪರೇಲಿನಲ್ಲಿ, ತಂದೆ ಸೋಯಾಬೀನ್, ತೊಗರಿ ಹೊಲದಲ್ಲಿ, ಉಳಿದ ಮಕ್ಕಳು ಅಜ್ಜಿಯ ಹತ್ತಿರ. ಮೊದಲ ತಿಂಗಳ ಮದ್ದಿಗೇ ಮಗು ಗೆಲುವಾಗುತ್ತದೆ, ಜ್ವರ ಬಿಡುತ್ತದೆ, ಹೊಟ್ಟೆ ತುಂಬ ಉಣ್ಣುತ್ತದೆ. ಆರಾಮಾಯಿತೆಂದು ಮನೆಯವರು ಊರಿಗೆ ಕರೆದುಕೊಂಡು ಹೋದರೆ ಅವರನ್ನು ಬೈಯುವ ಹಾಗಿಲ್ಲ. ಆದರೆ ಒಳಗೆ ಉಳಿದ ಕಣಗಳಿಂದ ರೋಗ ತಿರುಗಿ ಬರುತ್ತದೆ, ಆಗ ಮೊದಲಿನ ಮದ್ದು ಕೇಳುವುದಿಲ್ಲ.

ಇಂಥ ಅರ್ಧಕ್ಕೆ ಬಿಡುವಿಕೆಯನ್ನು ರೋಗದಷ್ಟೇ ಗಂಭೀರ ವಿಷಯವಾಗಿ ಅಭ್ಯಾಸ ಮಾಡಿದ್ದು ಟಾಟಾ ಆಸ್ಪತ್ರೆಯ ಮಕ್ಕಳ ವಿಭಾಗದ ದೊಡ್ಡ ಕೊಡುಗೆ. 2009ರ ಸುಮಾರಿಗೆ ಐವರಲ್ಲಿ ಒಂದು ಮಗು ಚಿಕಿತ್ಸೆ ಬಿಟ್ಟುಹೋಗುತ್ತಿತ್ತು. ಹಣ, ವಸತಿ, ಊಟ, ರಕ್ತ, ಫೋನಿನಲ್ಲಿ ವಿಚಾರಣೆ ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ ಬಂದ ಮೇಲೆ ಒಂದು ದಶಕದೊಳಗೆ ಅದು ಶೇ 5ರ ಆಸುಪಾಸಿಗೆ ಇಳಿಯಿತು. ಪರವೂರಿನ ಕುಟುಂಬಗಳಿಗೆ ಬಾಡಿಗೆಯಿಲ್ಲದ ಕೋಣೆ ಕೊಡುವ ಸೇಂಟ್ ಜೂಡ್ ಇಂಡಿಯಾ ಕೇಂದ್ರಗಳನ್ನು ಶ್ಯಾಮಾ ಮತ್ತು ನಿಹಾಲ್ ಕವಿರತ್ನೆ ದಂಪತಿ 2006ರಲ್ಲಿ ಮುಂಬೈಯಲ್ಲಿ ಆರಂಭಿಸಿದರು. ಮೆಂಫಿಸ್‌ನಲ್ಲಿ ಹೊಸ ಮದ್ದು ಉಳಿಸಿದಷ್ಟೇ ನಿಜವಾಗಿ ಇಲ್ಲಿ ಒಂದು ಕೋಣೆ, ಒಂದು ಒಲೆ ಮಕ್ಕಳನ್ನು ಉಳಿಸಿವೆ.

ಮಾತ್ರೆಯ ಹಂತದಲ್ಲಿ ಮಗು ಊರಿಗೆ ಬಂದ ಮೇಲೂ ದೂರದ ಭಯ ತಪ್ಪುವುದಿಲ್ಲ. ಬಿಳಿಕಣ ಇಳಿದಾಗ ಜ್ವರ 100.4 ಡಿಗ್ರಿ ದಾಟಿದರೆ ಒಂದು ತಾಸಿನೊಳಗೆ ಆಂಟಿಬಯೋಟಿಕ್ ಸೂಜಿ ಬೀಳಬೇಕು. ಮುಂಬೈ ಫೋನಿನಲ್ಲಿ ಮಾತ್ರ ಹತ್ತಿರ. ಆಗ ಆಸರೆಯಾಗುವುದು ಲಾತೂರ್, ಸೋಲಾಪುರ, ಬೀದರದ ಆಸ್ಪತ್ರೆಗಳು. ಡಾ. ಅಶೋಕ್ ಕುಕಡೆ 1966ರಲ್ಲಿ ಲಾತೂರಿನಲ್ಲಿ ಆರಂಭಿಸಿದ ವಿವೇಕಾನಂದ ಆಸ್ಪತ್ರೆ ಮುಂದೆ ಕ್ಯಾನ್ಸರ್ ಚಿಕಿತ್ಸೆಗೂ ಕೈಹಾಕಿದ್ದು ಈ ಭಾಗಕ್ಕೆ ದೊಡ್ಡ ಅನುಕೂಲ.

ಖರ್ಚಿನ ಮಾತಿಗೆ ಬಂದರೆ ಗಡಿ ಮತ್ತೆ ಅಡ್ಡ ಬರುತ್ತದೆ. ಮಹಾರಾಷ್ಟ್ರದಲ್ಲಿ 2012ರಲ್ಲಿ ಬಂದ ಜೀವನದಾಯಿ ಯೋಜನೆ 2017ರಲ್ಲಿ ಮಹಾತ್ಮ ಜ್ಯೋತಿಬಾ ಫುಲೆ ಹೆಸರು ಪಡೆಯಿತು. ಕರ್ನಾಟಕದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಬಂದದ್ದು ಕಲಬುರಗಿ ವಿಭಾಗಕ್ಕೇ. ಹೀಗೆ ಬಸವಕಲ್ಯಾಣದ ಮಗುವಿಗೆ ಒಂದು ಕಾರ್ಡು, ಪಕ್ಕದ ಉಮರ್ಗಾದ ಮಗುವಿಗೆ ಇನ್ನೊಂದು ಕಾರ್ಡು. 2023ರಲ್ಲಿ ಮಹಾರಾಷ್ಟ್ರ ತನ್ನ ಯೋಜನೆಯನ್ನು ಕರ್ನಾಟಕದ 865 ಗಡಿಹಳ್ಳಿಗಳಿಗೆ ವಿಸ್ತರಿಸುವುದಾಗಿ ಹೇಳಿ, ಕರ್ನಾಟಕ ಆಕ್ಷೇಪಿಸಿ, ಅದು ಗಡಿವಾದದ ಇನ್ನೊಂದು ಅಧ್ಯಾಯವಾಯಿತು.

ಇತರ ರಕ್ತರೋಗಗಳು

ಭಾರತದಲ್ಲಿ ಥಲಸ್ಸೇಮಿಯಾದ ಮೊದಲ ವರದಿ 1938ರಲ್ಲಿ ಕಲ್ಕತ್ತೆಯಿಂದ ಬಂತು. ಕುಡುಗೋಲು ಕಣ ರೋಗವನ್ನು 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ನೀಲಗಿರಿಯ ಬುಡಕಟ್ಟುಗಳಲ್ಲಿ ಗುರುತಿಸಿದರು. ಅದೇ ವರ್ಷ ಮುಂಬೈಯಲ್ಲಿ ವೈ.ಎಂ. ಭೇಂಡೆ ಮತ್ತು ಸಂಗಡಿಗರು ಎ, ಬಿ, ಓ ಯಾವುದಕ್ಕೂ ಹೊಂದದ ಬಾಂಬೆ ರಕ್ತಗುಂಪನ್ನು ಪ್ರಕಟಿಸಿದರು. 1957ರಲ್ಲಿ ಅಲ್ಲಿ ತೆರೆದ ರಕ್ತಗುಂಪು ಕೇಂದ್ರವೇ ಬೆಳೆದು ಇಂದಿನ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯಾಗಿದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಗಡಿಯ ಎರಡೂ ಬದಿಯಲ್ಲಿ ಇರುವುದರಿಂದ, ತಂದೆತಾಯಿ ಇಬ್ಬರಿಂದಲೂ ದೋಷದ ಜೀನು ಬಂದಾಗಷ್ಟೇ ಕಾಣುವ ಥಲಸ್ಸೇಮಿಯಾದಂಥ ರೋಗಗಳಲ್ಲಿ ಮದುವೆಗೆ ಮೊದಲಿನ ರಕ್ತಪರೀಕ್ಷೆಗೆ ಇಲ್ಲಿ ಬೆಲೆ ಹೆಚ್ಚು. ಲ್ಯುಕೇಮಿಯಾ ಹೀಗೆ ವಂಶದಲ್ಲಿ ಇಳಿದುಬರುವ ರೋಗವಲ್ಲ. ತಾಯಿಯ ಕಡೆಯವರನ್ನೋ ತಂದೆಯ ಕಡೆಯವರನ್ನೋ ದೂರುವ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕು.

2013ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರಿನಲ್ಲಿ ಚಾಲನೆ ಪಡೆದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರುತ್ತವೆ. ತೀವ್ರ ರಕ್ತಹೀನತೆ ಅವರ ಪಟ್ಟಿಯಲ್ಲಿದೆ. ಕಬ್ಬಿಣ ಕೊಟ್ಟರೂ ಏರದ ರಕ್ತವನ್ನು ಅನುಮಾನದಿಂದ ನೋಡುವ ಮೊದಲ ಕಣ್ಣು ಇವರದಾಗಬಲ್ಲದು.

ಈಚಿನ ಸಂಶೋಧನೆ

ಭಾರತದ ಹಲವು ಕೇಂದ್ರಗಳು ಒಂದಾಗಿ ನಡೆಸಿದ ಐಸಿಕಲ್ ಎಂಬ ಅಧ್ಯಯನ 2016ರಿಂದ ಎಎಲ್ಎಲ್ ಮಕ್ಕಳನ್ನು ಸೇರಿಸಿಕೊಂಡಿತು. ಕೋಲ್ಕತ್ತದ ಟಾಟಾ ಮೆಡಿಕಲ್ ಸೆಂಟರಿನ ವಾಸ್ಕರ್ ಸಾಹಾ ಇದರ ಮುಂದಾಳು. ಮಗುವಿನ ರೋಗದ ಬಿರುಸು ಅಳೆದು, ಸಾಧ್ಯವಾದಲ್ಲಿ ಮದ್ದಿನ ವಿಷ ಕಡಿಮೆ ಮಾಡುವುದು ಅದರ ಹುಡುಕಾಟ. ಟಾಟಾ ಮೆಮೋರಿಯಲ್ ಮತ್ತು ಐಐಟಿ ಬಾಂಬೆ ಸೇರಿ ರೂಪಿಸಿದ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ರೋಗಿಯ ಬಿಳಿಕಣವನ್ನೇ ಹೊರತೆಗೆದು, ಕ್ಯಾನ್ಸರ್ ಕಣವನ್ನು ಗುರುತಿಸುವಂತೆ ಜೀನ್ ತಿದ್ದಿ, ಮೈಗೆ ಮರಳಿಸುವ ವಿಧಾನ ಅದು. ಅನುಮತಿ ಸಿಕ್ಕಿದ್ದು 15 ವರ್ಷ ದಾಟಿದವರಿಗೆ. ಹೊರದೇಶಕ್ಕೆ ಹೋಲಿಸಿದರೆ ಬೆಲೆ ಬಹಳ ಅಗ್ಗ, ಆದರೂ ಲಕ್ಷಗಳ ಲೆಕ್ಕದ್ದು.

ಗೆದ್ದವರ ಮೇಲಿನ ಸಂಶೋಧನೆಯೂ ನಡೆಯುತ್ತಿದೆ. ಚಿಕಿತ್ಸೆ ಮುಗಿಸಿದ ಮಕ್ಕಳಿಗೆಂದೇ ಟಾಟಾ ಆಸ್ಪತ್ರೆ 1991ರಲ್ಲಿ ಒಂದು ಕ್ಲಿನಿಕ್ ತೆರೆಯಿತು. ಎಂಸಿಪಿ-841ರ ಕಾಲದ ಮಕ್ಕಳು ಈಗ ನಡುವಯಸ್ಸಿನವರು. ತಲೆಗೆ ವಿಕಿರಣ ಪಡೆದವರ ಎತ್ತರ, ನೆನಪು, ಹಾರ್ಮೋನು ಅಳೆಯುತ್ತಾರೆ. ಡೌನೊರುಬಿಸಿನ್ ಪಡೆದವರ ಹೃದಯವನ್ನು ಎಕೊ ಮಾಡಿ ನೋಡುತ್ತಾರೆ. ಹಳೆಯ ಫೈಲು ತಂದವರಿಗೆ ಅಂದು ಯಾವ ಮದ್ದು ಎಷ್ಟು ಹೋಗಿತ್ತು ಎಂಬುದು ಸಿಗುತ್ತದೆ. ಅದಕ್ಕೇ ಚಿಕಿತ್ಸೆ ಮುಗಿದ ದಿನ ವೈದ್ಯರು ತಂದೆತಾಯಿಗೆ ಹೇಳುವ ಮಾತುಗಳಲ್ಲಿ ಒಂದು, ಈ ಕಾಗದವನ್ನು ಹೊಲದ ಪಹಣಿಯ ಜೊತೆಗೇ ಜೋಪಾನವಾಗಿ ಇಡಿ ಎಂಬುದು.